ಚಂಡಮಾರುತದ ಪಾಠದಲ್ಲಿ ಕರ್ತೃ ಯಾರು? ಇಂಗ್ಲಿಷ್ ಬೋಧನೆಯಲ್ಲಿ ವಿಕೋಪವೆಂಬ ವಸ್ತು

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಅಥವಾ ಪರಭಾಷೆಯಾಗಿ ಕಲಿಸುವ ಪಠ್ಯಗಳು ಮಧ್ಯಮ ಹಂತವನ್ನು ಮುಟ್ಟುವ ಹೊತ್ತಿಗೆ ಒಂದು ಘಟಕ ಹೆಚ್ಚುಕಡಿಮೆ ತಪ್ಪದೆ ಎದುರಾಗುತ್ತದೆ. ಶೀರ್ಷಿಕೆ ಏನೇ ಇದ್ದರೂ ಅದರ ವಸ್ತು ಹರಿಕೇನ್, ಭೂಕಂಪ, ಪ್ರವಾಹ, ಜ್ವಾಲಾಮುಖಿಗಳೇ. ಮೊದಲಿಗೆ ಚಿತ್ರಸಹಿತವಾದ ಪದಪಟ್ಟಿ, ಬಳಿಕ ಪ್ರಸಿದ್ಧ ಬಿರುಗಾಳಿಯೊಂದನ್ನು ಕುರಿತ ಗದ್ಯಭಾಗ, ಬಿಟ್ಟ ಸ್ಥಳ ತುಂಬುವ ಅಭ್ಯಾಸ, ಕರ್ತರಿಯಿಂದ ಕರ್ಮಣಿಗೆ ಪರಿವರ್ತನೆ, ‘ಅತಿ ದೊಡ್ಡ’, ‘ಅತಿ ಭೀಕರ’ ಎಂಬ ತರತಮ ರೂಪಗಳು, ಕೊನೆಗೆ ‘ನಿಮ್ಮ ಊರಿಗೆ ಚಂಡಮಾರುತ ಬಂದರೆ ಏನು ಮಾಡುವಿರಿ?’ ಎಂಬ ಷರತ್ತುವಾಕ್ಯಗಳ ಸಂಭಾಷಣೆ. ವಸ್ತುಕೇಂದ್ರಿತ ಬೋಧನೆಯ ಅನುಕೂಲಗಳೆಲ್ಲ ಇದರಲ್ಲಿ ಇವೆ. ಒಂದೇ ಅರ್ಥಕ್ಷೇತ್ರದ ಪದಗಳು ಮರಳಿ ಮರಳಿ ಬರುತ್ತವೆ, ಪ್ರತಿಯೊಬ್ಬ ಕಲಿಯುವವನಿಗೂ ಹೇಳಲು ಏನಾದರೂ ಇರುತ್ತದೆ, ವ್ಯಾಕರಣಾಂಶಗಳು ವಸ್ತುವಿನಿಂದ ತಾವಾಗಿಯೇ ಹುಟ್ಟಿಬಂದಂತೆ ತೋರುತ್ತವೆ.

ಈ ‘ತೋರಿಕೆ’ಯನ್ನೇ ಇಲ್ಲಿ ಪರಿಶೀಲಿಸಬೇಕಾಗಿದೆ. ವಿಕೋಪದ ಪಾಠವು ಕಲಿಯುವವನಿಗೆ ಆಗಿಹೋದ ನಾಶವನ್ನು ವರ್ಣಿಸುವ ಇಂಗ್ಲಿಷನ್ನು ಧಾರಾಳವಾಗಿ ಕೊಡುತ್ತದೆ. ಬರಲಿರುವ ಅಪಾಯವನ್ನು ಓದುವ ಇಂಗ್ಲಿಷನ್ನು ಬಹುಮಟ್ಟಿಗೆ ಕೊಡುವುದಿಲ್ಲ. ವರ್ಣಿಸುವ ಇಂಗ್ಲಿಷನ್ನು ಕೊಡುವಾಗಲೂ ಅದು ಒಂದು ನಿರ್ದಿಷ್ಟ ವಾಕ್ಯರಚನೆಯನ್ನು ರೂಢಿ ಮಾಡಿಸುತ್ತದೆ, ಆ ರಚನೆಯಲ್ಲಿ ಮನುಷ್ಯನಿಗೆ ಕರ್ತೃಸ್ಥಾನವಿರುವುದಿಲ್ಲ. ಇದು ನನ್ನ ವಾದ.

ಮೊದಲು, ಈ ವಸ್ತು ಪಠ್ಯಗಳಿಗೆ ಏಕೆ ಇಷ್ಟು ಪ್ರಿಯ ಎಂಬುದನ್ನು ಕೇಳಿಕೊಳ್ಳಬೇಕು. ಜಾಗತಿಕ ಮಾರುಕಟ್ಟೆಗಾಗಿ ಸಿದ್ಧವಾಗುವ ಇಂಗ್ಲಿಷ್ ಪಠ್ಯಗಳು ದೂರವಿಡುವ ವಿಷಯಗಳಿಗೆ ಆ ವೃತ್ತಿಯವರಲ್ಲಿ ‘ಪಾರ್ಸ್ನಿಪ್’ ಎಂಬ ಅಡ್ಡಹೆಸರಿದೆ. ರಾಜಕೀಯ, ಮದ್ಯ, ಧರ್ಮ, ಲೈಂಗಿಕತೆ, ಮಾದಕವಸ್ತು, ತಾತ್ತ್ವಿಕ ವಾದಗಳು, ಹಂದಿಮಾಂಸ ಎಂಬವುಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದ ಪದವದು. ಇವನ್ನೆಲ್ಲ ಕಳೆದ ಮೇಲೆ ಉಳಿಯುವ ಗಂಭೀರ ವಿಷಯಗಳು ಬಹಳವಲ್ಲ. ಚಂಡಮಾರುತ ಉಳಿಯುತ್ತದೆ. ಅದು ಯಾವ ಪಕ್ಷಕ್ಕೂ ಸೇರಿದ್ದಲ್ಲ, ಯಾರನ್ನೂ ಅವಮಾನಿಸುವುದಿಲ್ಲ, ಯಾರೂ ಅದರ ಪರವಾಗಿ ದೂರು ಸಲ್ಲಿಸುವುದಿಲ್ಲ. ವಿಕೋಪವು ಪಠ್ಯಪುಸ್ತಕಕ್ಕೆ ‘ಸುರಕ್ಷಿತ’ ವಸ್ತುವಾಗಿರುವ ಈ ವಿಪರ್ಯಾಸ ಸಣ್ಣದಲ್ಲ. ಹೀಗೆ ಸುರಕ್ಷಿತವಾಗಿರಬೇಕಾದರೆ ವಿಕೋಪದಲ್ಲಿ ಮನುಷ್ಯರು ಬಲಿಪಶುಗಳಾಗಿ ಮಾತ್ರ ಇರಬೇಕಾಗುತ್ತದೆ, ಮಾಡಿದವರಾಗಿ ಇರಕೂಡದು.

ವಿಕೋಪ ‘ನೈಸರ್ಗಿಕ’ವೇ ಎಂಬ ಪ್ರಶ್ನೆ ಹೊಸದೇನಲ್ಲ. 1755ರ ಲಿಸ್ಬನ್ ಭೂಕಂಪದ ಬಳಿಕ ವೋಲ್ಟೇರನಿಗೆ ಬರೆದ ಪತ್ರದಲ್ಲಿ ರೂಸೋ, ಆರೇಳು ಅಂತಸ್ತುಗಳ ಸಾವಿರಾರು ಮನೆಗಳನ್ನು ಒಂದೇ ಕಡೆ ಕಟ್ಟಿದ್ದು ನಿಸರ್ಗವಲ್ಲ ಎಂಬ ಅಂಶವನ್ನು ಎತ್ತಿದ್ದನು. 1976ರಲ್ಲಿ ಓಕೀಫ್, ವೆಸ್ಟ್‌ಗೇಟ್ ಮತ್ತು ವಿಸ್ನರ್ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ‘ನೈಸರ್ಗಿಕ ವಿಕೋಪ’ದಿಂದ ನೈಸರ್ಗಿಕತೆಯನ್ನು ಬಿಡಿಸುವುದನ್ನೇ ತನ್ನ ಶೀರ್ಷಿಕೆಯಾಗಿಸಿಕೊಂಡಿತ್ತು. ವಿಕೋಪ ಅಧ್ಯಯನದಲ್ಲಿ ಇಂದು ಇದು ಬಹುತೇಕ ಸರ್ವಸಮ್ಮತ ನಿಲುವು. ಗಾಳಿ ನೈಸರ್ಗಿಕ, ಅದು ಯಾರನ್ನು, ಎಲ್ಲಿ, ಯಾವ ಮನೆಯಲ್ಲಿ ಕೊಲ್ಲುತ್ತದೆ ಎಂಬುದು ನೈಸರ್ಗಿಕವಲ್ಲ. ಭಾಷಾಬೋಧನೆಯ ಪಠ್ಯಗಳಿಗೆ ಮಾತ್ರ ಈ ಸುದ್ದಿ ಇನ್ನೂ ತಲುಪಿದಂತಿಲ್ಲ. ನಾವು ಕನ್ನಡಿಗರು ಇದಕ್ಕಾಗಿ ಅವರನ್ನು ನೋಡಿ ನಗುವಂತೆಯೂ ಇಲ್ಲ. ಇಂಗ್ಲಿಷಿನಲ್ಲಿ ನಿಸರ್ಗವು ಬರಿಯ ವಿಶೇಷಣವಾಗಿ ನಿಂತಿದೆ. ನಮ್ಮ ‘ಪ್ರಕೃತಿ ವಿಕೋಪ’ದಲ್ಲಿ ಪ್ರಕೃತಿ ಸಿಟ್ಟುಗೊಳ್ಳುವ ವ್ಯಕ್ತಿಯೇ ಆಗಿದೆ.

ವಾಕ್ಯದ ಮಟ್ಟಕ್ಕೆ ಇಳಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 1990ರಲ್ಲಿ ಥೆಸಲೊನೀಕಿಯ ಅನ್ವಯಿಕ ಭಾಷಾವಿಜ್ಞಾನ ಸಮ್ಮೇಳನದಲ್ಲಿ ಮಾಡಿದ ಪ್ರಸಿದ್ಧ ಭಾಷಣದಲ್ಲಿ ಹ್ಯಾಲಿಡೇ, ನಿರ್ಜೀವ ನಿಸರ್ಗವನ್ನು ಘಟನೆಗಳ ಸಕ್ರಿಯ ಪಾತ್ರಧಾರಿಯಾಗಿ ಕಾಣಲು ಇಂಗ್ಲಿಷಿನ ವ್ಯಾಕರಣ ಅಡ್ಡಿಯಾಗುತ್ತದೆ ಎಂದು ವಾದಿಸಿದರು. ಕಾಡು, ನದಿ, ಮಣ್ಣು ಸಾಮಾನ್ಯವಾಗಿ ಏನನ್ನೂ ‘ಮಾಡು’ವುದಿಲ್ಲ. ವಿಕೋಪವು ಇದಕ್ಕೆ ಎದ್ದುಕಾಣುವ ಅಪವಾದ. ದಿನನಿತ್ಯ ಮೌನವಾಗಿದ್ದ ನಿಸರ್ಗ ಆ ಒಂದು ದಿನ ಮಾತ್ರ ಸಕರ್ಮಕ ಕ್ರಿಯಾಪದಗಳ ಒಡೆತನ ಪಡೆಯುತ್ತದೆ. ಹರಿಕೇನ್ ಅಪ್ಪಳಿಸುತ್ತದೆ, ಕಿತ್ತೆಸೆಯುತ್ತದೆ, ಜೀವಗಳನ್ನು ‘ಕ್ಲೇಮ್’ ಮಾಡುತ್ತದೆ. ಅದಕ್ಕೆ ಕಣ್ಣಿದೆ, ಮನುಷ್ಯರ ಹೆಸರಿದೆ. ಅಮೆರಿಕದಲ್ಲಿ 1953ರಿಂದ ಅಟ್ಲಾಂಟಿಕ್ ಬಿರುಗಾಳಿಗಳಿಗೆ ಹೆಣ್ಣಿನ ಹೆಸರುಗಳನ್ನೇ ಇಡಲಾಗುತ್ತಿತ್ತು, 1979ರಿಂದ ಗಂಡು ಹೆಸರುಗಳೂ ಸೇರಿದವು. ಹೆಸರುಳ್ಳ ಕರ್ತೃ ಸಿಕ್ಕಮೇಲೆ ಕರ್ಮಣಿ ವಾಕ್ಯದ ‘ಬೈ’ ಎಂಬ ಸ್ಥಾನಕ್ಕೆ ಬೇರೆ ಅಭ್ಯರ್ಥಿಯನ್ನು ಹುಡುಕುವವರು ಯಾರು?

ಕತ್ರಿನಾದ ನಿದರ್ಶನವನ್ನೇ ತೆಗೆದುಕೊಳ್ಳಬಹುದು, ಏಕೆಂದರೆ ಈ ಬಗೆಯ ಪಾಠಗಳ ಅಚ್ಚುಮೆಚ್ಚಿನ ಬಿರುಗಾಳಿ ಅದು. 2005ರ ಆಗಸ್ಟ್ 29ರಂದು ಲೂಸಿಯಾನಾದ ಕರಾವಳಿಯನ್ನು ಮುಟ್ಟಿದಾಗ ಅದು ಐದು ದರ್ಜೆಗಳ ಮಾಪಕದಲ್ಲಿ ಮೂರನೆಯ ದರ್ಜೆಯಲ್ಲಿತ್ತು. ನ್ಯೂ ಆರ್ಲಿಯನ್ಸ್ ನಗರದ ಸುಮಾರು ಶೇ. 80 ಭಾಗ ನೀರಿನಲ್ಲಿ ಮುಳುಗಿತು. ಮುಳುಗಲು ಮುಖ್ಯ ಕಾರಣ ಕಾಲುವೆಗಳ ಪ್ರವಾಹ ತಡೆಗೋಡೆಗಳೂ ಏರಿಗಳೂ ಬಿದ್ದುಹೋದದ್ದು. ಅವುಗಳ ವಿನ್ಯಾಸದಲ್ಲಿ ದೋಷವಿತ್ತೆಂಬುದನ್ನು ಅವನ್ನು ಕಟ್ಟಿದ ಅಮೆರಿಕದ ಸೇನಾ ಎಂಜಿನಿಯರುಗಳ ದಳವೇ 2006ರಲ್ಲಿ ಒಪ್ಪಿಕೊಂಡಿತು. ಈಗ ಮೂರು ವಾಕ್ಯಗಳನ್ನು ಜೊತೆಗಿಟ್ಟು ನೋಡೋಣ. ‘ನಗರವು ಕತ್ರಿನಾದಿಂದ ನಾಶಗೊಳಿಸಲ್ಪಟ್ಟಿತು’. ‘ತಡೆಗೋಡೆಗಳು ಒಡೆದು ನಗರ ಮುಳುಗಿತು’. ‘ದೋಷಯುಕ್ತವಾಗಿ ವಿನ್ಯಾಸಗೊಳಿಸಿದ್ದ ತಡೆಗೋಡೆಗಳು ಒಡೆದುದರಿಂದ ನಗರ ಮುಳುಗಿತು’. ಮೂರರ ಇಂಗ್ಲಿಷ್ ರೂಪಗಳೂ ಮಧ್ಯಮ ಹಂತದ ವಿದ್ಯಾರ್ಥಿಯ ಅಳವಿಗೆ ಮೀರಿದವಲ್ಲ. ಆದರೆ ಅಭ್ಯಾಸ ಪುಸ್ತಕವು ಕೇಳುವುದು ಮೊದಲನೆಯದನ್ನು ಮಾತ್ರ. ಅದು ಪರಿವರ್ತನೆಗೆ ಒಗ್ಗುತ್ತದೆ, ಉತ್ತರಪಟ್ಟಿಯಲ್ಲಿ ಅದಕ್ಕೆ ಒಂದೇ ಸರಿಯುತ್ತರವಿರುತ್ತದೆ.

ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗೆ ಇಲ್ಲೊಂದು ವಿಶೇಷ ತೊಡಕಿದೆ, ವಿಶೇಷ ಅವಕಾಶವೂ ಇದೆ. ‘-ಅಲ್ಪಡು’ ಸೇರಿದ ಕರ್ಮಣಿ ರೂಪ ನಮ್ಮ ಆಡುಮಾತಿನಲ್ಲಿ ಇಲ್ಲವೆನ್ನುವಷ್ಟು ವಿರಳ. ನಾಶದ ವರದಿಗೆ ನಾವು ಬಳಸುವುದು ಅಕರ್ಮಕ ಕ್ರಿಯಾಪದಗಳನ್ನು, ‘ಆಗು’ ಸೇರಿದ ರೂಪಗಳನ್ನು: ಮನೆ ಕುಸಿಯಿತು, ಊರು ಜಲಾವೃತವಾಯಿತು, ಬೆಳೆ ನಾಶವಾಯಿತು. ಇವು ‘ಯಾರು?’ ಎಂಬ ಪ್ರಶ್ನೆಯನ್ನು ಎಬ್ಬಿಸುವುದೇ ಇಲ್ಲ. ಕಾರಣ ಹೇಳಬೇಕಾದಾಗ ‘-ಇಂದ’ ಬರುತ್ತದೆ, ಆ ಪ್ರತ್ಯಯವೋ ಬಹಳ ಉದಾರಿ. ‘ಗಾಳಿಯಿಂದ ಮನೆ ಕುಸಿಯಿತು’, ‘ಕಳಪೆ ಕಾಮಗಾರಿಯಿಂದ ಮನೆ ಕುಸಿಯಿತು’, ‘ಗುತ್ತಿಗೆದಾರನಿಂದ ಮನೆ ಕಟ್ಟಿಸಿದರು’, ‘ಮನೆಯಿಂದ ಹೊರಗೆ ಓಡಿದರು’ ಎಂಬ ನಾಲ್ಕರಲ್ಲೂ ರೂಪ ಒಂದೇ. ಇಂಗ್ಲಿಷಿಗೆ ಹೋಗುವಾಗ ಈ ‘-ಇಂದ’ ಒಡೆದು ‘ಬೈ’, ‘ಬಿಕಾಸ್ ಆಫ್’, ‘ಫ್ರಮ್’ ಎಂದು ಹಂಚಿಹೋಗಬೇಕು. ಆ ಹಂಚಿಕೆಯೇ ಕಾರಣವನ್ನೂ ಕರ್ತೃವನ್ನೂ ಬೇರ್ಪಡಿಸಿ ಯೋಚಿಸುವ ವ್ಯಾಯಾಮ. ವಿಕೋಪದ ಪಾಠಕ್ಕಿಂತ ಇದಕ್ಕೆ ಉಚಿತವಾದ ಸ್ಥಳ ಇನ್ನೊಂದಿಲ್ಲ. ಆದರೆ ಎಲ್ಲ ‘-ಇಂದ’ಗಳನ್ನೂ ‘ಬೈ’ಗೆ ತಳ್ಳಿ, ಅದರ ಮುಂದೆ ಬಿರುಗಾಳಿಯ ಹೆಸರು ಬರೆಸಿ ಮುಗಿಸುವ ಪಾಠದಲ್ಲಿ ಆ ಅವಕಾಶ ಹಾಳಾಗುತ್ತದೆ.

ಪದಗಳ ಆಯ್ಕೆಯ ವಿಚಾರದಲ್ಲೂ ಕತ್ರಿನಾ ಶ್ರೀಮಂತವಾದ ಸಾಮಗ್ರಿಯನ್ನು ಬಿಟ್ಟುಹೋಗಿದೆ. ನೀರಿನಲ್ಲಿ ಸಾಮಾನು ಹೊತ್ತು ನಡೆಯುತ್ತಿದ್ದವರ ಎರಡು ಚಿತ್ರಗಳು ಬೇರೆ ಬೇರೆ ಸುದ್ದಿಸಂಸ್ಥೆಗಳ ಮೂಲಕ ಒಂದೇ ದಿನ ಪ್ರಕಟವಾದವು. ಕಪ್ಪು ತರುಣನ ಚಿತ್ರದ ಅಡಿಬರಹದಲ್ಲಿ ‘ಲೂಟಿಂಗ್’ ಎಂದಿತ್ತು, ಬಿಳಿಯರಿಬ್ಬರ ಚಿತ್ರದ ಅಡಿಬರಹದಲ್ಲಿ ‘ಫೈಂಡಿಂಗ್’ ಎಂದಿತ್ತು. ತಾವು ಕಂಡದ್ದನ್ನೇ ಬರೆದೆವೆಂದು ಎರಡೂ ಕಡೆಯವರು ಸಮರ್ಥಿಸಿಕೊಂಡರು, ಅದು ನಿಜವೂ ಇರಬಹುದು. ಆದರೂ ಎರಡು ಕ್ರಿಯಾಪದಗಳ ನಡುವಿನ ದೂರವನ್ನು ಇಡೀ ದೇಶ ಚರ್ಚಿಸಿತು. ಮೊದಲನೆಯ ಪದ ಹಿಂದಿಯಿಂದಲೇ ಇಂಗ್ಲಿಷಿಗೆ ಹೋದದ್ದು, ನಮ್ಮ ‘ಲೂಟಿ’ಯ ದಾಯಾದಿ. ಅದೇ ವಾರಗಳಲ್ಲಿ, ಮನೆ ಕಳೆದುಕೊಂಡ ಅಮೆರಿಕನ್ನರನ್ನು ‘ರೆಫ್ಯೂಜಿ’ ಎನ್ನಬಹುದೇ ಎಂಬ ವಿವಾದ ಎದ್ದಿತು. ಸ್ವದೇಶದಲ್ಲೇ ಇರುವ ನಾಗರಿಕರಿಗೆ ಆ ಪದ ಸಲ್ಲದೆಂದು ಜೆಸ್ಸಿ ಜಾಕ್ಸನ್ ಮೊದಲಾದವರು ಆಕ್ಷೇಪಿಸಿದರು. ಕೆಲವು ಪತ್ರಿಕೆಗಳು ಕೈಬಿಟ್ಟವು, ಅಸೋಸಿಯೇಟೆಡ್ ಪ್ರೆಸ್ ಮುಂದುವರಿಸಿತು. ಸಮಾನಾರ್ಥಕ ಪದಗಳೆಂಬ ಹೆಸರಿನಲ್ಲಿ ಪಟ್ಟಿ ಮಾಡಿಸುವ ಪದಗಳು ಸಮಾನಾರ್ಥಕಗಳಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ನನಗೆ ತಿಳಿಯದು.

ಅಂಕಿಗಳೂ ಭಾಷೆಯೇ. ‘ಹರಿಕೇನ್ ಮರಿಯಾ ಇಷ್ಟು ಜನರನ್ನು ಕೊಂದಿತು’ ಎಂಬ ವಾಕ್ಯವನ್ನು ವಿದ್ಯಾರ್ಥಿ ಪೂರ್ಣಗೊಳಿಸಬೇಕು ಎಂದಿಟ್ಟುಕೊಳ್ಳೋಣ. 2017ರ ಸೆಪ್ಟೆಂಬರಿನಲ್ಲಿ ಪೋರ್ಟೊ ರೀಕೊ ದ್ವೀಪದ ಮೇಲೆ ಬೀಸಿದ ಈ ಬಿರುಗಾಳಿಯ ಅಧಿಕೃತ ಸಾವಿನ ಸಂಖ್ಯೆ ತಿಂಗಳುಗಟ್ಟಲೆ 64 ಆಗಿತ್ತು. 2018ರ ಆಗಸ್ಟಿನಲ್ಲಿ ಅದು 2,975 ಆಯಿತು. ಈ ನಡುವೆ ಬದಲಾದದ್ದು ಗಾಳಿಯಲ್ಲ, ಎಣಿಕೆಯ ರೀತಿ. ವಿದ್ಯುತ್ತಿಲ್ಲದೆ, ಚಿಕಿತ್ಸೆಯಿಲ್ಲದೆ ಮುಂದಿನ ತಿಂಗಳುಗಳಲ್ಲಿ ಸತ್ತವರು ಬಿರುಗಾಳಿ‘ಯಲ್ಲಿ’ ಸತ್ತವರೋ, ಬಿರುಗಾಳಿ‘ಯಿಂದ’ ಸತ್ತವರೋ, ಬಿರುಗಾಳಿಯ ‘ನಂತರ’ ಸತ್ತವರೋ ಎಂಬುದು ಸಾವಿರಾರು ಜೀವಗಳನ್ನು ಲೆಕ್ಕಕ್ಕೆ ಸೇರಿಸುವ ಅಥವಾ ಬಿಡುವ ಪ್ರಶ್ನೆಯಾಗಿತ್ತು.

ತರತಮ ರೂಪಗಳ ಕುರಿತು ಹೆಚ್ಚು ಹೇಳಬೇಕಿಲ್ಲ. ಸ್ಯಾಫಿರ್-ಸಿಂಪ್ಸನ್ ಮಾಪಕವು ಅಳೆಯುವುದು ಗಾಳಿಯ ವೇಗವನ್ನು ಮಾತ್ರ, ನೀರನ್ನಲ್ಲ. 2017ರ ಆಗಸ್ಟಿನಲ್ಲಿ ಟೆಕ್ಸಸ್ ತೀರವನ್ನು ನಾಲ್ಕನೆಯ ದರ್ಜೆಯಲ್ಲಿ ಮುಟ್ಟಿದ ಹಾರ್ವಿ ಮರುದಿನವೇ ‘ವೀಕನ್’ ಆಗಿ, ಹರಿಕೇನ್ ದರ್ಜೆಯಿಂದ ‘ಡೌನ್‌ಗ್ರೇಡ್’ ಆಯಿತು. ಆ ಬಳಿಕ ದಿನಗಟ್ಟಲೆ ಸುರಿದ ಮಳೆ ಕೆಲವೆಡೆ 1,500 ಮಿ.ಮೀ. ದಾಟಿತು, ಹ್ಯೂಸ್ಟನ್ ಮುಳುಗಿತು. ‘ದುರ್ಬಲಗೊಂಡಿತು’ ಎಂಬ ಕ್ರಿಯಾಪದವನ್ನು ‘ಬಲಗೊಂಡಿತು’ ಎಂಬುದರ ವಿರುದ್ಧಪದವೆಂದಷ್ಟೇ ಕಲಿತವನಿಗೆ ಆ ಸುದ್ದಿ ಸಮಾಧಾನದ ಸುದ್ದಿಯಾಗಿ ಕೇಳಿಸುತ್ತದೆ.

ಇನ್ನು ಎಚ್ಚರಿಕೆಯ ಭಾಷೆ. ಎಲ್ಲಕ್ಕಿಂತ ದೊಡ್ಡ ಕೊರತೆ ಕಾಣುವುದು ಇಲ್ಲಿಯೇ.

ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರದ ಪ್ರಕಟಣೆಗಳಲ್ಲಿ ‘ವಾಚ್’ ಎಂದರೆ ಹರಿಕೇನ್ ಗಾಳಿ 48 ಗಂಟೆಗಳೊಳಗೆ ಬೀಸುವ ಸಾಧ್ಯತೆಯಿದೆ ಎಂದರ್ಥ. ‘ವಾರ್ನಿಂಗ್’ ಎಂದರೆ 36 ಗಂಟೆಗಳೊಳಗೆ ಅದು ನಿರೀಕ್ಷಿತ ಎಂದರ್ಥ. ಮೊದಲನೆಯದು ಸಿದ್ಧತೆಗೆ, ಎರಡನೆಯದು ಸಿದ್ಧತೆ ಮುಗಿಸಿ ಹೊರಡುವುದಕ್ಕೆ. ದೈನಂದಿನ ಇಂಗ್ಲಿಷಿನಲ್ಲಿ ಈ ಎರಡು ಪದಗಳ ನಡುವೆ ಮೇಲುಕೆಳಗಿನ ಸಂಬಂಧವಿಲ್ಲ. ‘ವಾಚ್’ ಎಂಬುದನ್ನು ನೋಡುವುದು, ಕಾವಲು, ಕೈಗಡಿಯಾರ ಎಂದು ಬಲ್ಲ ವಿದ್ಯಾರ್ಥಿಗೆ ಆ ಶ್ರೇಣಿ ತಾನಾಗಿ ಹೊಳೆಯುವುದಿಲ್ಲ. ಇದು ಪರಿಭಾಷೆ, ಆದ್ದರಿಂದ ಕಲಿಸಬೇಕಾದದ್ದು. ಆದರೆ ಪದಪಟ್ಟಿಗಳು ‘ಲ್ಯಾಂಡ್‌ಫಾಲ್’, ‘ಡೆಬ್ರಿಸ್’, ‘ಡಿವಾಸ್ಟೇಟೆಡ್’ ಮುಂತಾದ ವರದಿಗಾರಿಕೆಯ ಪದಗಳಿಗೆ ಕೊಡುವ ಜಾಗವನ್ನು ಈ ಜೋಡಿಗೆ ಕೊಡುವುದು ಅಪರೂಪ.

ಭಾಷಾಂತರ ಈ ಕೊರತೆಯನ್ನು ನೀಗುತ್ತದೆಯೇ? 1987ರ ಮೇ 22ರಂದು ಟೆಕ್ಸಸ್ ರಾಜ್ಯದ ಸರಗೋಸಾ ಎಂಬ ಪುಟ್ಟ ಊರಿನ ಮೇಲೆ ಸುಂಟರಗಾಳಿ ಎರಗಿ 30 ಜನ ಸತ್ತರು. ಅವರಲ್ಲಿ ಬಹಳ ಮಂದಿ ಮಕ್ಕಳ ಸಮಾರಂಭವೊಂದಕ್ಕೆಂದು ಸಭಾಂಗಣದಲ್ಲಿ ಸೇರಿದ್ದವರು. ಊರಿನವರು ಬಹುತೇಕ ಸ್ಪ್ಯಾನಿಷ್ ಮಾತನಾಡುವವರು. ಸಮಾಜವಿಜ್ಞಾನಿ ಬೆನಿಗ್ನೊ ಅಗಿರ್ರೆ ಮರುವರ್ಷ ಪ್ರಕಟಿಸಿದ ಅಧ್ಯಯನ, ಎಚ್ಚರಿಕೆಯ ವ್ಯವಸ್ಥೆ ಆ ಭಾಷಾಸಮುದಾಯವನ್ನು ಸಮರ್ಪಕವಾಗಿ ತಲುಪದಿದ್ದುದನ್ನು ಚರ್ಚಿಸಿತು. ‘ವಾರ್ನಿಂಗ್’ಗೆ ಸ್ಪ್ಯಾನಿಷಿನಲ್ಲಿ ರೂಢಿಯಾಗಿರುವ ‘ಅವೀಸೊ’ ಎಂಬ ಪದಕ್ಕೆ ಎಚ್ಚರಿಕೆ ಎಂಬಂತೆ ಸೂಚನೆ, ಪ್ರಕಟಣೆ ಎಂಬ ಅರ್ಥಗಳೂ ಇವೆ, ಕೆಲವು ಪ್ರದೇಶಗಳಲ್ಲಿ ಜಾಹೀರಾತು ಎಂಬ ಅರ್ಥವೂ ಇದೆ. ಪದ ಅನುವಾದಗೊಂಡರೂ ತುರ್ತು ಅನುವಾದಗೊಳ್ಳದಿರಬಹುದು. ‘ಅವೀಸೊ’ ಬೇಕೋ ‘ಅಲೆರ್ತಾ’ ಬೇಕೋ ಎಂಬ ಚರ್ಚೆ ಅಮೆರಿಕದ ಹವಾಮಾನ ಸಂಶೋಧಕರಲ್ಲಿ ಈಚಿನ ವರ್ಷಗಳವರೆಗೂ ನಡೆದುಬಂದಿದೆ.

ಫಿಲಿಪ್ಪೀನ್ಸಿನ ನಿದರ್ಶನ ಇಂಗ್ಲಿಷ್ ಬೋಧಕರಿಗೆ ಇನ್ನೂ ಹತ್ತಿರದ್ದು. ಅಲ್ಲಿ ಇಂಗ್ಲಿಷ್ ಅಧಿಕೃತ ಭಾಷೆ, ಶಾಲೆಯ ಭಾಷೆ. 2013ರ ನವೆಂಬರ್ 8ರಂದು ಹೈಯಾನ್ ಚಂಡಮಾರುತ ಬರುವ ಮುನ್ನ ‘ಸ್ಟಾರ್ಮ್ ಸರ್ಜ್’ ಬರಲಿದೆಯೆಂದು ಅಧಿಕಾರಿಗಳು ಹೇಳಿದ್ದರು. ಟಾಕ್ಲೋಬಾನ್ ನಗರದಲ್ಲಿ ಬದುಕುಳಿದ ಅನೇಕರು ಬಳಿಕ ಹೇಳಿದ್ದು, ಆ ಮಾತಿನ ಅರ್ಥ ತಮಗೆ ಆಗಲಿಲ್ಲ, ‘ಸುನಾಮಿ’ ಎಂದಿದ್ದರೆ ಓಡಿಹೋಗುತ್ತಿದ್ದೆವು ಎಂದು. ಅಧಿಕೃತ ಲೆಕ್ಕದಲ್ಲಿ ಆ ಚಂಡಮಾರುತಕ್ಕೆ ಸತ್ತವರು 6,300 ಜನ. ‘ಸ್ಟಾರ್ಮ್’ ಅವರಿಗೆ ಗೊತ್ತಿತ್ತು. ‘ಸರ್ಜ್’ ಪದವನ್ನೂ ಹಲವರು ಕೇಳಿದ್ದಿರಬಹುದು. ಗೊತ್ತಿಲ್ಲದಿದ್ದುದು, ಆ ಸಮಾಸಪದ ಕೇಳಿದಾಗ ಏನು ಮಾಡಬೇಕು ಎಂಬುದು. ‘ಹೊಲದಲ್ಲಿ ಒಂದು ಗೂಳಿಯಿದೆ’ ಎಂಬ ಮಾತು ವರ್ಣನೆಯೂ ಆಗಬಹುದು, ಎಚ್ಚರಿಕೆಯೂ ಆಗಬಹುದು ಎಂಬ ಆಸ್ಟಿನ್ ಅವರ ಉದಾಹರಣೆಯನ್ನು ನಾವೆಲ್ಲ ತರಗತಿಯಲ್ಲಿ ಹೇಳಿಕೊಡುತ್ತೇವೆ. ಟಾಕ್ಲೋಬಾನಿನಲ್ಲಿ ಎಚ್ಚರಿಕೆಯಾಗಬೇಕಿದ್ದ ಮಾತು ವರ್ಣನೆಯಾಗಿ ಉಳಿಯಿತು.

ಇದರ ಎದುರಿಗೆ ಇಡಬೇಕಾದದ್ದು ಇಂಡೋನೇಷ್ಯಾದ ಸಿಮೆಯುಲುವೆ ದ್ವೀಪದ ‘ಸ್ಮೋಂಗ್’ ಎಂಬ ಪದ. 1907ರ ಸುನಾಮಿಯಲ್ಲಿ ಬಹಳ ಜನರನ್ನು ಕಳೆದುಕೊಂಡ ಆ ದ್ವೀಪದವರು ನೆಲ ಜೋರಾಗಿ ನಡುಗುವುದು, ಕಡಲು ಹಿಂದೆ ಸರಿಯುವುದು, ಕೂಡಲೇ ಗುಡ್ಡ ಹತ್ತುವುದು ಎಂಬ ಇಡೀ ಸರಣಿಯನ್ನು ಈ ಒಂದು ಪದದೊಳಗೆ ಕಟ್ಟಿ ಕತೆಗಳಲ್ಲಿ, ಜೋಗುಳಗಳಲ್ಲಿ ದಾಟಿಸಿಕೊಂಡು ಬಂದಿದ್ದರು. 2004ರ ಡಿಸೆಂಬರಿನಲ್ಲಿ ಭೂಕಂಪಕೇಂದ್ರಕ್ಕೆ ತೀರ ಸಮೀಪದಲ್ಲಿದ್ದ, ಸುಮಾರು 78,000 ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ. ಪದಕೋಶದ ‘ಆಳ’ ಎಂದು ನಾವು ಸಂಶೋಧನ ಪ್ರಬಂಧಗಳಲ್ಲಿ ಅಳೆಯುವ ಸಂಗತಿಗೆ ಇಂಥ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ಭಾಷಾತರಗತಿ ವಿಕೋಪ ನಿರ್ವಹಣೆಯ ಶಿಬಿರವಲ್ಲ, ಚಂಡಮಾರುತ ಇಲ್ಲಿ ನೆಪಮಾತ್ರ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ, ನಡುಗುವ ಕೈಗಳ ಅನುಭವವಿರುವ ವಿದ್ಯಾರ್ಥಿಯಿಂದ ‘ನಿನ್ನ ವಿಕೋಪದ ಅನುಭವ ಬರೆ’ ಎಂದು ನೂರು ಪದಗಳ ಪ್ರಬಂಧ ಬರೆಸುವುದಕ್ಕಿಂತ ನೆಪಮಾತ್ರವಾಗಿರುವುದೇ ಮೇಲು. ಆದರೆ ನೆಪವೆಂಬುದೂ ಒಂದು ಆಯ್ಕೆ. ಸಂಭಾವ್ಯತೆಯ ಸಹಾಯಕ ಕ್ರಿಯಾಪದಗಳನ್ನು, ವಿಧ್ಯರ್ಥವನ್ನು, ಷರತ್ತುವಾಕ್ಯವನ್ನು ಹೇಗೂ ಕಲಿಸಲೇಬೇಕು. ಅವು ನಿಜವಾಗಿ ದುಡಿಯುವ ಪಠ್ಯ, ಅಂದರೆ ಹವಾಮಾನ ಪ್ರಕಟಣೆ, ಉಚಿತವಾಗಿ, ದಿನವೂ ದೊರೆಯುತ್ತದೆ. ಅದನ್ನು ಬಿಟ್ಟು ಕೃತಕ ಗದ್ಯಭಾಗವನ್ನು ರಚಿಸುವುದರಿಂದ ಭಾಷೆಗೂ ಲಾಭವಿಲ್ಲ. ಅಷ್ಟೇಕೆ, ಪದಗಳ ಹುಟ್ಟಿನ ಕುತೂಹಲವನ್ನು ಕೂಡ ಈ ಪಾಠಗಳು ಬಳಸಿಕೊಳ್ಳುವುದಿಲ್ಲ. ‘ಹರಿಕೇನ್’ ಕೆರಿಬಿಯನ್ ದ್ವೀಪಗಳ ಟೈನೊ ಭಾಷೆಯಿಂದ ಸ್ಪ್ಯಾನಿಷಿನ ಮೂಲಕ ಬಂದದ್ದು. ‘ಸೈಕ್ಲೋನ್’ ಪದವನ್ನು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡ್ಡಿಂಗ್ಟನ್ ನಾವಿಕರಿಗಾಗಿ ಬರೆದ 1848ರ ಕೈಪಿಡಿಯಲ್ಲಿ ಗ್ರೀಕಿನಿಂದ ಟಂಕಿಸಿದನು. ಭಾರತದ ವಿದ್ಯಾರ್ಥಿಗೆ ‘ಹರಿಕೇನ್’ ಕಲಿಸಿ ‘ಸೈಕ್ಲೋನ್’ ಬಿಡುವ ಪುಸ್ತಕ ಬಂಗಾಳ ಕೊಲ್ಲಿಗೆ ಬೆನ್ನು ಹಾಕಿ ನಿಂತಿದೆ.

ಎಚ್ಚರಿಕೆಯ ವ್ಯಾಕರಣವನ್ನು ಭಾಷಾವಿಜ್ಞಾನಿಗಳೇ ಕೈಗೆತ್ತಿಕೊಂಡ ದೇಶ ಜಪಾನ್. 1995ರ ಜನವರಿಯ ಕೋಬೆ ಭೂಕಂಪದಲ್ಲಿ ಜಪಾನಿಯನ್ನೂ ಇಂಗ್ಲಿಷನ್ನೂ ಸರಿಯಾಗಿ ತಿಳಿಯದ ವಿದೇಶಿಯರು ಪಟ್ಟ ಪಾಡನ್ನು ಕಂಡು ಹಿರೋಸಾಕಿ ವಿಶ್ವವಿದ್ಯಾಲಯದ ಕಾಝುಯುಕಿ ಸಾಟೋ ಮತ್ತು ಸಂಗಡಿಗರು ‘ಯಸಾಶೀ ನಿಹೊಂಗೊ’, ಅಂದರೆ ಸುಲಭ ಜಪಾನಿಯನ್ನು ರೂಪಿಸಿದರು. ‘ಹಿನಾನ್’ ಎಂಬ ಚೀನೀ ಮೂಲದ ಗಂಭೀರ ಪದದ ಬದಲು ‘ನಿಗೇರು’, ಓಡು, ಎಂಬ ದೇಶ್ಯ ಪದ ಬಂತು. 2011ರ ಮಾರ್ಚ್ 11ರಂದು ಓಅರಾಯಿ ಎಂಬ ಕರಾವಳಿ ಪಟ್ಟಣದ ಧ್ವನಿವರ್ಧಕಗಳು, ಇಂಥ ಪ್ರಕಟಣೆಗಳಲ್ಲಿ ರೂಢಿಯಾಗಿದ್ದ ‘ದಯವಿಟ್ಟು ಸ್ಥಳಾಂತರಗೊಳ್ಳಿ’ ಎಂಬ ಸೌಜನ್ಯರೂಪವನ್ನು ಬಿಟ್ಟು, ನೇರ ಆಜ್ಞಾರ್ಥಕ ರೂಪದಲ್ಲಿ ಕೂಗಿದವು. ಗೌರವಸೂಚಕಗಳಿಗೆ ಅಷ್ಟೊಂದು ಬೆಲೆ ಕೊಡುವ ಭಾಷೆಯಲ್ಲಿ ಆ ರೂಪವೇ ಅಪಾಯದ ಸೂಚನೆಯಾಯಿತು.

ನಮ್ಮಲ್ಲಿ ಈ ಕೆಲಸ ಇನ್ನೂ ಆರಂಭವಾಗಬೇಕಿದೆ, ಅದಕ್ಕೆ ಸಾಮಗ್ರಿಯ ಬರವಿಲ್ಲ. ಭಾರತೀಯ ಹವಾಮಾನ ಇಲಾಖೆಯ ಬಣ್ಣಗಳ ಶ್ರೇಣಿಯಲ್ಲಿ ಹಳದಿಗೆ ‘ವಾಚ್’, ಕಿತ್ತಳೆಗೆ ‘ಅಲರ್ಟ್’, ಕೆಂಪಿಗೆ ‘ವಾರ್ನಿಂಗ್’ ಎಂಬ ಬೇರೆ ಬೇರೆ ಪದಗಳಿವೆ, ಒಂದೊಂದಕ್ಕೂ ಬೇರೆ ನಡೆ ನಿಗದಿಯಾಗಿದೆ. ಕನ್ನಡ ಪತ್ರಿಕೆಗೆ ಬರುವ ಹೊತ್ತಿಗೆ ಅವೆಲ್ಲ ‘ಯೆಲ್ಲೋ ಅಲರ್ಟ್’, ‘ಆರೆಂಜ್ ಅಲರ್ಟ್’, ‘ರೆಡ್ ಅಲರ್ಟ್’ ಆಗಿರುತ್ತವೆ. ಪದ ಒಂದೇ ಆಗಿ ಬಣ್ಣವಷ್ಟೇ ಉಳಿಯುತ್ತದೆ. ಅದರ ಕೆಳಗೆ ‘ಮೀನುಗಾರರು ಸಮುದ್ರಕ್ಕೆ ಇಳಿಯದಂತೆ ಸೂಚಿಸಲಾಗಿದೆ’ ಎಂಬ ವಾಕ್ಯವಿರುತ್ತದೆ. ಸೂಚಿಸಿದವರು ಯಾರು, ಯಾರಿಗೆ, ಯಾವಾಗಿನವರೆಗೆ ಎಂಬುದು ವಾಕ್ಯದಲ್ಲಿಲ್ಲ. ‘ಇಳಿಯಬೇಡಿ’ ಎಂಬ ಎರಡನೆಯ ಪುರುಷದ ರೂಪವೂ ಇಲ್ಲ. ಇಲಾಖೆಯ ಇಂಗ್ಲಿಷ್ ಪ್ರಕಟಣೆಯನ್ನೂ ಮರುದಿನದ ಕನ್ನಡ ವರದಿಯನ್ನೂ ಅಕ್ಕಪಕ್ಕ ಇಟ್ಟು, ಕ್ರಿಯಾಪದಗಳಿಗೆ ಗೆರೆ ಎಳೆಸಿ, ಪ್ರತಿಯೊಂದರ ಕರ್ತೃವನ್ನು ಕೇಳಿದರೆ ಸ್ನಾತಕ ತರಗತಿಯ ಎರಡು ಅವಧಿಗಳಿಗೆ ಸಾಕಾಗುವಷ್ಟು ಇಂಗ್ಲಿಷೂ ಕನ್ನಡವೂ ಸಿಗುತ್ತದೆ. ಸಂಶೋಧನ ವಿದ್ಯಾರ್ಥಿಗಳಿಗೆ ಇನ್ನೊಂದು ಕೆಲಸ ಉಳಿದಿದೆ. ಕಾರವಾರದಿಂದ ಮಂಗಳೂರಿನವರೆಗಿನ ತೀರದಲ್ಲಿ ಕನ್ನಡದ ಜೊತೆಗೆ ಕೊಂಕಣಿ, ತುಳು, ಬ್ಯಾರಿ ಆಡುವವರು ಗಾಳಿಯ, ಅಲೆಯ, ಮೋಡದ ಬದಲಾವಣೆಗಳಿಗೆ ಯಾವ ಪದಗಳನ್ನು ಬಳಸುತ್ತಾರೆ, ಅವುಗಳಲ್ಲಿ ಯಾವ ಪದ ಕೇಳಿದಾಗ ದೋಣಿಯನ್ನು ದಡಕ್ಕೆ ಎಳೆಯುತ್ತಾರೆ ಎಂಬುದನ್ನು ಸಂಗ್ರಹಿಸಬೇಕು.